ಹೆಬ್ಬೆಟ್ಟಿನ ಗುರುತಿಗೆ ಮುನ್ನ: ಗ್ರಾಮೀಣ ಆಸ್ಪತ್ರೆ, ನೈತಿಕ ಸಮಿತಿ ಮತ್ತು ಗ್ರಾಮ ಪಂಚಾಯಿತಿ

(ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ನೀಡಿದ ಉಪನ್ಯಾಸದ ಪಠ್ಯ)



2009ರಲ್ಲಿ ಅಂದಿನ ಅವಿಭಜಿತ ಆಂಧ್ರಪ್ರದೇಶದ ಖಮ್ಮಂ ಹಾಗೂ ಗುಜರಾತಿನ ವಡೋದರ ಜಿಲ್ಲೆಗಳಲ್ಲಿ, ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯನ್ನು ಅಧ್ಯಯನ ಯೋಜನೆಯೊಂದರ ಅಡಿಯಲ್ಲಿ ಬಾಲಕಿಯರಿಗೆ ನೀಡಲಾಯಿತು. ಖಮ್ಮಂನಲ್ಲಿ ಅವರಲ್ಲಿ ಅನೇಕರು ಆಶ್ರಮ ಶಾಲೆಗಳ ಆದಿವಾಸಿ ಮಕ್ಕಳು. ತಂದೆತಾಯಿ ಸಹಿ ಮಾಡಬೇಕಾಗಿದ್ದ ಹಲವಾರು ಒಪ್ಪಿಗೆ ಪತ್ರಗಳಿಗೆ ವಸತಿನಿಲಯದ ವಾರ್ಡನ್‌ಗಳು ಸಹಿ ಹಾಕಿದ್ದರು. 2010ರಲ್ಲಿ ಯೋಜನೆ ಸ್ಥಗಿತಗೊಂಡಿತು. 2013ರಲ್ಲಿ ಸಂಸತ್ತಿನ ಸ್ಥಾಯಿ ಸಮಿತಿಯು ಈ ಲೋಪವನ್ನು ಕಟುವಾಗಿ ಟೀಕಿಸಿತು. ಆ ಲಸಿಕೆ ಇಂದು ಅನೇಕ ದೇಶಗಳಲ್ಲಿ ಬಳಕೆಯಲ್ಲಿದೆ. ಆದುದರಿಂದ ಇಲ್ಲಿನ ಪ್ರಶ್ನೆ ಲಸಿಕೆಯದಲ್ಲ, ಒಪ್ಪಿಗೆಯದು.

ಇಂತಹ ಲೋಪವನ್ನು ಮೊದಲೇ ತಡೆಯುವ ವ್ಯವಸ್ಥೆಯೇ ನೈತಿಕ ಸಮಿತಿ, ಅಂದರೆ ಎಥಿಕ್ಸ್ ಕಮಿಟಿ. ಹೊಸ ಔಷಧಗಳು ಮತ್ತು ಕ್ಲಿನಿಕಲ್ ಪ್ರಯೋಗಗಳ ನಿಯಮಗಳು, 2019ರ ಪ್ರಕಾರ ಈ ಸಮಿತಿಯಲ್ಲಿ ಕನಿಷ್ಠ 7 ಸದಸ್ಯರಿರಬೇಕು. ಅವರಲ್ಲಿ ಅರ್ಧದಷ್ಟಾದರೂ ಜನ ಆಸ್ಪತ್ರೆಯ ಹೊರಗಿನವರಾಗಿರಬೇಕು. ಅಧ್ಯಕ್ಷರೂ ಹೊರಗಿನವರೇ ಆಗಿರಬೇಕು. ಒಬ್ಬ ಮಹಿಳೆ, ಒಬ್ಬ ಕಾನೂನು ತಜ್ಞ ಮತ್ತು ವೈದ್ಯಕೀಯಕ್ಕೆ ಸೇರದ ಒಬ್ಬ ಸಾಮಾನ್ಯ ನಾಗರಿಕ ಇರಲೇಬೇಕು. ಸಮಿತಿಯ ಅನುಮತಿಯಿಲ್ಲದೆ ಯಾವುದೇ ಔಷಧ ಪ್ರಯೋಗ ಆರಂಭಿಸುವಂತಿಲ್ಲ.

ಸಣ್ಣ ಆಸ್ಪತ್ರೆಗಳಿಗೆ ಇಷ್ಟು ಜನರನ್ನು ಒಟ್ಟುಗೂಡಿಸುವುದು ಕಷ್ಟ. ಸ್ವಂತ ಸಮಿತಿ ಇಲ್ಲದ ಆಸ್ಪತ್ರೆಯು ಅದೇ ನಗರದ ಅಥವಾ 50 ಕಿಲೋಮೀಟರ್ ವ್ಯಾಪ್ತಿಯೊಳಗಿನ ಬೇರೊಂದು ಸಮಿತಿಯ ಅನುಮತಿ ಪಡೆಯಲು ನಿಯಮವು ಅವಕಾಶ ನೀಡಿದೆ. ಆಗ ಹೊಣೆಯೂ ಆ ಸಮಿತಿಯದೇ. ಆದರೆ ಜಿಲ್ಲಾ ಕೇಂದ್ರದಲ್ಲಿ ಕುಳಿತ ಸಮಿತಿಗೆ ಹಳ್ಳಿಯ ಸ್ಥಿತಿ ತಾನಾಗಿ ತಿಳಿಯದು. ಹಳ್ಳಿಯಲ್ಲಿ ಚಿಕಿತ್ಸೆ ನೀಡುವ ವೈದ್ಯರೇ ಅಧ್ಯಯನಕ್ಕೂ ಸೇರಿಸುವವರಾಗಿರಬಹುದು. 'ಬೇಡ' ಎಂದರೆ ನಾಳೆ ಔಷಧಿ ಸಿಗದೇ ಹೋದೀತೆಂಬ ಅಂಜಿಕೆಯಿಂದ ಹೆಬ್ಬೆಟ್ಟು ಒತ್ತುವವರಿದ್ದಾರೆ. ಈ ಅಂಜಿಕೆಯನ್ನು ಸಮಿತಿಯ ಮುಂದಿಡಬಲ್ಲವರು ಸ್ಥಳೀಯ ಭಾಷೆ, ಸ್ಥಳೀಯ ಬದುಕು ಬಲ್ಲವರು. ಸಾಮಾನ್ಯ ನಾಗರಿಕ ಸದಸ್ಯರ ಸ್ಥಾನವಿರುವುದು ಇದಕ್ಕಾಗಿಯೇ.

ಗ್ರಾಮ ಪಂಚಾಯಿತಿ ಸದಸ್ಯರು ಕೇಳಬೇಕಾದ ಪ್ರಶ್ನೆಗಳು ಸರಳವಾಗಿವೆ. ಇದು ಚಿಕಿತ್ಸೆಯೋ, ಸಂಶೋಧನೆಯೋ? ಯಾವ ನೈತಿಕ ಸಮಿತಿ ಅನುಮತಿ ನೀಡಿದೆ? ಅದರ ನೋಂದಣಿ ಸಂಖ್ಯೆ ಏನು? ಒಪ್ಪಿಗೆ ಪತ್ರ ಕನ್ನಡದಲ್ಲಿ, ಕೇಳಿದವರಿಗೆ ಅರ್ಥವಾಗುವಂತಿದೆಯೇ? ಓದು ಬಾರದವರಿಗೆ ವಿವರಿಸುವಾಗ ಆರಂಭದಿಂದ ಕೊನೆಯವರೆಗೆ ನಿಷ್ಪಕ್ಷಪಾತ ಸಾಕ್ಷಿಯೊಬ್ಬರು ಹಾಜರಿದ್ದರೇ? ಪತ್ರದ ಪ್ರತಿ ರೋಗಿಯ ಕೈಗೆ ಬಂದಿದೆಯೇ? ನಡುವೆ ಹಿಂದೆ ಸರಿದರೂ ಎಂದಿನ ಚಿಕಿತ್ಸೆ ಮುಂದುವರಿಯುವುದೆಂದು ತಿಳಿಸಲಾಗಿದೆಯೇ? ಪ್ರಯೋಗದಿಂದ ಹಾನಿಯಾದರೆ ಉಚಿತ ಚಿಕಿತ್ಸೆ ಮತ್ತು ಪರಿಹಾರ ಪಡೆಯುವುದು ಭಾಗವಹಿಸಿದವರ ಹಕ್ಕು ಎಂಬುದನ್ನೂ ಅವರಿಗೆ ಹೇಳಿರಬೇಕು.

ಒಂದು ಎಚ್ಚರಿಕೆ ಅಗತ್ಯ. ಸಂಶೋಧಕರು ಊರಿಗೆ ಬಂದಾಗ ಮೊದಲು ಭೇಟಿಯಾಗುವುದು ಪಂಚಾಯಿತಿಯನ್ನು. ಅವರನ್ನು ಬರಮಾಡಿಕೊಳ್ಳುವುದು ತಪ್ಪಲ್ಲ. ಸಂಶೋಧನೆಯಿಲ್ಲದೆ ಹೊಸ ಔಷಧವಿಲ್ಲ. ಆದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಸ್ಪಷ್ಟವಾಗಿದೆ: ಸಮುದಾಯದ ಮುಖಂಡರ ಅನುಮತಿಯು ವ್ಯಕ್ತಿಯ ಒಪ್ಪಿಗೆಗೆ ಬದಲಿಯಾಗದು. 'ಅಧ್ಯಕ್ಷರೇ ಹೇಳಿದ್ದಾರೆ, ಸಹಿ ಹಾಕಿ' ಎಂಬ ಮಾತು ಊರಿನಲ್ಲಿ ಕೇಳಿಬಂದರೆ ಅಲ್ಲಿ ಒಪ್ಪಿಗೆ ಉಳಿದಿಲ್ಲವೆಂದೇ ಅರ್ಥ. ಖಮ್ಮಂನ ವಾರ್ಡನ್‌ಗಳ ಸ್ಥಾನದಲ್ಲಿ ಪಂಚಾಯಿತಿ ನಿಲ್ಲಬಾರದು.

ಚಿಕಿತ್ಸೆಯ ಲೋಪ, ಶುಲ್ಕ, ವರ್ತನೆಯ ದೂರುಗಳು ನೈತಿಕ ಸಮಿತಿಯ ವ್ಯಾಪ್ತಿಗೆ ಬರುವುದಿಲ್ಲ. ಸರ್ಕಾರಿ ಆಸ್ಪತ್ರೆಯದಾದರೆ ಆರೋಗ್ಯ ರಕ್ಷಾ ಸಮಿತಿಯಲ್ಲಿಯೂ, ಖಾಸಗಿ ಆಸ್ಪತ್ರೆಯದಾದರೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ಪರಿಹಾರ ಪ್ರಾಧಿಕಾರದಲ್ಲಿಯೂ ಅವುಗಳನ್ನು ಪ್ರಸ್ತಾಪಿಸಬೇಕು.

ಗ್ರಾಮಸಭೆಯಲ್ಲಿ ಆರೋಗ್ಯದ ವಿಷಯ ಬಂದಾಗ ಮೇಲಿನ ಪ್ರಶ್ನೆಗಳನ್ನು ಒಮ್ಮೆ ಓದಿ ಹೇಳಿದರೂ ಸಾಕು. ಕೇಳಿ, ತಿಳಿದು, ಯೋಚಿಸಿ ಒತ್ತಿದ ಹೆಬ್ಬೆಟ್ಟು ಮಾತ್ರ ಒಪ್ಪಿಗೆ. ಉಳಿದದ್ದು ಕಾಗದದ ಮೇಲಿನ ಮಸಿ.