ತಲೆಗೆ ಒಪ್ಪುವ ಹೆಲ್ಮೆಟ್: ಆರಿಸುವ ಬಗೆ

(ಹಾಲು ಉತ್ಪಾದಕರ ಸಹಕಾರ ಸಂಘಗಳ ಕಾರ್ಯದರ್ಶಿಗಳು, ಹಾಲು ಪರೀಕ್ಷಕರು ಹಾಗೂ ಸದಸ್ಯರ ಶಿಬಿರದಲ್ಲಿ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣ)



ಕೆಚ್ಚಲು ಬಾವು, ಕಾಲುಬಾಯಿ ಜ್ವರ, ಖನಿಜ ಮಿಶ್ರಣ ಇವುಗಳ ಬಗ್ಗೆ ನಿಮ್ಮ ಮುಂದೆ ಮಾತನಾಡುವುದು ನನ್ನ ವಾಡಿಕೆ. ಇವತ್ತು ಹಾಲನ್ನು ಡೇರಿಗೆ ಮುಟ್ಟಿಸುವ ನಿಮ್ಮ ತಲೆಯ ಬಗ್ಗೆ ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಯಾದಗಿರಿ, ಶಹಾಪುರ, ಸುರಪುರ ತಾಲ್ಲೂಕುಗಳಲ್ಲಿ ಹಾಲು, ಹಿಂಡಿ ಮೂಟೆ, ಹಸಿಮೇವು ಎಲ್ಲವೂ ಮೋಟಾರ್ ಸೈಕಲ್ ಮೇಲೆಯೇ ಸಾಗುತ್ತವೆ. ಕೃತಕ ಗರ್ಭಧಾರಣೆ ಮಾಡುವ ಕಾರ್ಯಕರ್ತರೂ ಗಾಡಿಯ ಮೇಲೆಯೇ ಊರೂರು ಸುತ್ತುತ್ತಾರೆ. 40 ಲೀಟರಿನ ಒಂದು ಕ್ಯಾನಿನ ಹಾಲೇ ಸುಮಾರು 41 ಕಿಲೋ ತೂಗುತ್ತದೆ. ಎರಡು ಕ್ಯಾನು ಕಟ್ಟಿದರೆ 80 ಕಿಲೋ ಮೀರಿತು. ಆ ಭಾರಕ್ಕೆ ಗಾಡಿ ಬೇಗ ನಿಲ್ಲುವುದಿಲ್ಲ, ತಿರುವಿನಲ್ಲಿ ಒಂದು ಕಡೆಗೆ ವಾಲುತ್ತದೆ. ಬಿಸಿಲೇರಿದಂತೆ ಹಾಲು ಕೆಡುತ್ತದೆಂಬ ಅವಸರ ಬೇರೆ. ನಸುಕಿನಲ್ಲಿ ಮತ್ತು ಮುಸ್ಸಂಜೆಯಲ್ಲಿ ಓಡಾಟ. ದಾರಿಯ ಮೇಲೆ ರಾಶಿ ಮಾಡಲು ಹಾಕಿದ ತೊಗರಿಯ ಹೊಟ್ಟು, ಹಿಂದೆ ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರ್, ಮನೆಗೆ ಮರಳುವ ದನಗಳು, ಬಣ್ಣ ಬಳಿಯದ ಉಬ್ಬುಗಳು. ಇವೆಲ್ಲ ನಿಮಗೆ ನಾನು ಹೇಳಬೇಕಾಗಿಲ್ಲ.

ಹೆಲ್ಮೆಟ್ ಯಾರ ಮನೆಯಲ್ಲೂ ಇಲ್ಲವೆಂದಲ್ಲ. ಆದರೆ ಅದು ಇರುವುದೆಲ್ಲಿ? ಹಾಲಿನ ಕ್ಯಾನಿನ ಮೇಲೆ, ಕನ್ನಡಿಗೆ ನೇತುಬಿದ್ದು, ಇಲ್ಲವೇ ಮನೆಯ ಗೂಟದ ಮೇಲೆ. ಏಕೆಂದು ಕೇಳಿದರೆ ‘ಸಾಹೇಬ್ರೇ, ತಲೆ ಹಿಡಿತದ’, ‘ಸೆಕೆ ಆಗ್ತದ’, ‘ಕಿವಿ ಕೇಳಂಗಿಲ್ಲ’ ಎಂಬ ಉತ್ತರ ಬರುತ್ತದೆ. ಈ ಮಾತುಗಳನ್ನು ನೆಪವೆಂದು ತಳ್ಳಿಹಾಕಲು ನನ್ನಿಂದ ಆಗದು. ನೊಗ ಸರಿ ಕೂರದಿದ್ದರೆ ಎತ್ತಿನ ಹೆಗಲಿಗೆ ಬಾವು ಬಂದು ಹುಣ್ಣಾಗುತ್ತದೆ. ಅಂಥ ಎತ್ತು ನೊಗ ಕಂಡರೆ ಹಿಂದೆ ಸರಿಯುತ್ತದೆ. ಜಾಣ ಒಕ್ಕಲಿಗ ಎತ್ತನ್ನು ಹೊಡೆಯುವುದಿಲ್ಲ, ನೊಗ ಸರಿಮಾಡುತ್ತಾನೆ. ಹೆಲ್ಮೆಟ್ಟಿನ ಮಾತೂ ಇದೇ. ಒಪ್ಪುವ ಹೆಲ್ಮೆಟ್ ಮಾತ್ರ ದಿನವೂ ತಲೆಯ ಮೇಲಿರುತ್ತದೆ. ತಲೆಯ ಮೇಲಿದ್ದರೆ ಮಾತ್ರ ಅದು ಜೀವ ಉಳಿಸುತ್ತದೆ.

ಹೆಲ್ಮೆಟ್ ಬಂದದ್ದು ಹೇಗೆ?

1935ರಲ್ಲಿ ಇಂಗ್ಲೆಂಡಿನಲ್ಲಿ ಟಿ. ಇ. ಲಾರೆನ್ಸ್ ಎಂಬ ಪ್ರಸಿದ್ಧ ಸೇನಾನಿ ಮೋಟಾರ್ ಸೈಕಲ್ಲಿನಿಂದ ಬಿದ್ದು ತಲೆಗೆ ಪೆಟ್ಟಾಗಿ ಆರು ದಿನಗಳ ನಂತರ ತೀರಿಕೊಂಡರು. ಅವರನ್ನು ನೋಡಿದ ವೈದ್ಯರಲ್ಲಿ ಒಬ್ಬರಾದ ಮೆದುಳು ಶಸ್ತ್ರತಜ್ಞ ಹ್ಯೂ ಕೇರ್ನ್ಸ್, ಮುಂದೆ ಸೈನ್ಯದಲ್ಲಿ ಪತ್ರ ಒಯ್ಯುವ ಸವಾರರ ಸಾವುನೋವುಗಳನ್ನು ಅಭ್ಯಾಸ ಮಾಡಿ 1941ರಲ್ಲಿ ವರದಿ ಪ್ರಕಟಿಸಿದರು. ಅದೇ ವರ್ಷ ಬ್ರಿಟಿಷ್ ಸೈನ್ಯ ತನ್ನ ಸವಾರರಿಗೆ ಹೆಲ್ಮೆಟ್ ಕಡ್ಡಾಯಗೊಳಿಸಿತು. ಅವರೂ ನಿಮ್ಮಂತೆಯೇ ಕೆಲಸದ ಅವಸರದಲ್ಲಿ ಗಾಡಿ ಓಡಿಸುವವರು. ನಂತರ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಅಪಘಾತದಲ್ಲಿ ಸಿಕ್ಕ ಸವಾರರ ಪೈಕಿ ಹೆಲ್ಮೆಟ್ ಧರಿಸಿದವರಲ್ಲಿ ಸಾವಿನ ಸಂಭವ ಸುಮಾರು ಶೇ. 42ರಷ್ಟು, ತಲೆಪೆಟ್ಟಿನ ಸಂಭವ ಸುಮಾರು ಶೇ. 69ರಷ್ಟು ಕಡಿಮೆ ಇರುವುದು ಕಂಡುಬಂದಿದೆ.

ಅಳತೆ ತೆಗೆಯುವುದು

ದರ್ಜಿಯ ಟೇಪು ಸಾಕು. ಹುಬ್ಬಿನಿಂದ ಸುಮಾರು ಒಂದು ಇಂಚು ಮೇಲೆ, ಕಿವಿಗಳ ಮೇಲಿಂದ, ಹಿಂದಲೆ ಹೆಚ್ಚು ಉಬ್ಬಿರುವಲ್ಲಿ ಹಾದು ಬರುವಂತೆ ಸುತ್ತಿ ನೋಡಿರಿ. 58 ಸೆಂ.ಮೀ. ಬಂದರೆ ಹೆಲ್ಮೆಟ್ಟಿನ ಒಳಗೆ 580 ಎಂದು ಬರೆದದ್ದನ್ನು ಕೇಳಿರಿ. 56ಕ್ಕೆ 560, 60ಕ್ಕೆ 600. ‘ಮೀಡಿಯಂ’, ‘ಲಾರ್ಜ್’ ಎಂಬ ಮಾತು ಕಂಪನಿಯಿಂದ ಕಂಪನಿಗೆ ಬದಲಾಗುವುದುಂಟು, ಅಂಕಿಯನ್ನೇ ನಂಬಿರಿ.

ಅಳತೆ ಒಂದೇ ಇದ್ದರೂ ತಲೆಯ ಆಕಾರ ಒಂದೇ ಅಲ್ಲ. ಕೆಲವರದು ಗುಂಡು ತಲೆ, ಕೆಲವರದು ಹಿಂದು ಮುಂದು ಉದ್ದವಾದದ್ದು. ಹಣೆಯ ನಡುವೆ ಒಂದೇ ಕಡೆ ಒತ್ತಿ, ಪಕ್ಕಗಳಲ್ಲಿ ಸಡಿಲವಿದ್ದರೆ ಆ ಹೆಲ್ಮೆಟ್ ನಿಮ್ಮ ತಲೆಗಿಂತ ಗುಂಡಗಿದೆ ಎಂದರ್ಥ. ಪಕ್ಕಗಳಲ್ಲಿ ಒತ್ತಿ ಹಣೆಯ ಮುಂದೆ ಸಡಿಲವಿದ್ದರೆ ಅದು ಉದ್ದ ತಲೆಯವರದು. ದೊಡ್ಡ ಅಳತೆ ಕೇಳುವ ಬದಲು ಬೇರೆ ಮಾದರಿ ಕೇಳಿರಿ.

ಅಂಗಡಿಯಲ್ಲಿ ಮಾಡಬೇಕಾದ ಪರೀಕ್ಷೆ

ಹಾಲು ಕೊಳ್ಳುವ ಮುನ್ನ ಲ್ಯಾಕ್ಟೋಮೀಟರ್ ಹಾಕುತ್ತೇವಲ್ಲ, ಹಾಗೆಯೇ ಇಲ್ಲಿಯೂ ಪರೀಕ್ಷೆ ಬೇಕು.

1. ಪಟ್ಟಿಗಳನ್ನು ಎರಡೂ ಕಡೆ ಅಗಲಿಸಿ ಹಿಡಿದು ಹಾಕಿಕೊಳ್ಳಿರಿ. ಕೆನ್ನೆಯನ್ನು ಮೆತ್ತೆಗಳು ಮೃದುವಾಗಿ ಒತ್ತಬೇಕು. ಹಣೆ ಮತ್ತು ಮೆತ್ತೆಯ ನಡುವೆ ಬೆರಳು ಸುಲಭವಾಗಿ ತೂರಬಾರದು.

2. ತಲೆಯನ್ನು ಎಡಕ್ಕೂ ಬಲಕ್ಕೂ ಅಲ್ಲಾಡಿಸಿರಿ. ಹೆಲ್ಮೆಟ್ಟಿನೊಂದಿಗೆ ಕೆನ್ನೆಯ ಚರ್ಮವೂ ಅಲ್ಲಾಡಬೇಕು. ಹೆಲ್ಮೆಟ್ ಒಂದೇ ತಿರುಗಿದರೆ ಅದು ಸಡಿಲ.

3. ಗದ್ದದ ಪಟ್ಟಿ ಬಿಗಿದು, ಹಿಂದಿನ ಅಂಚು ಹಿಡಿದು ಮೇಲಕ್ಕೂ ಮುಂದಕ್ಕೂ ಎತ್ತಿರಿ. ತಲೆಯಿಂದ ಕಳಚಿ ಬಂದರೆ ಅಲ್ಲಿಯೇ ಬಿಟ್ಟುಬಿಡಿರಿ. ಬೀಳುವಾಗಲೂ ಅದು ಹೀಗೆಯೇ ಕಳಚುತ್ತದೆ.

4. ಹಾಕಿಕೊಂಡೇ ಹತ್ತು ಹದಿನೈದು ನಿಮಿಷ ಅಂಗಡಿಯಲ್ಲಿ ಕುಳಿತುಕೊಳ್ಳಿರಿ. ತೆಗೆದ ಮೇಲೆ ಹಣೆಯ ಮೇಲೆ ಒಂದೇ ಕಡೆ ಕೆಂಪು ಕಲೆ, ನೋವು ಇದ್ದರೆ ಬೇಡ. ಸುತ್ತಲೂ ಸಮನಾದ ಬಿಗಿ ಇದ್ದರೆ ಚಿಂತೆಯಿಲ್ಲ. ಬಳಸಿದಂತೆ ಮೆತ್ತೆ ಸ್ವಲ್ಪ ಕೂರುತ್ತದೆ. ಆದ್ದರಿಂದ ಹೊಸದು ತುಸು ಬಿಗಿಯಾಗಿಯೇ ಇರಲಿ.

ಹಿರಿಯರು ರುಮಾಲು ಸುತ್ತುವವರು. ದಪ್ಪ ರುಮಾಲಿನ ಮೇಲೆ ಹೆಲ್ಮೆಟ್ ಏರಿ ಕೂತರೆ ರಕ್ಷಣೆಯಿಲ್ಲ. ಬೆವರು ಹೀರಲು ತೆಳುವಾದ ಹತ್ತಿ ಬಟ್ಟೆ ಕಟ್ಟುವುದಾದರೆ ಅದನ್ನು ಕಟ್ಟಿಕೊಂಡೇ ಅಂಗಡಿಯಲ್ಲಿ ನೋಡಿರಿ. ತಾಯಂದಿರು ತುರುಬಿನ ಬದಲು ಕೆಳಗೆ ಜಡೆ ಬಿಟ್ಟರೆ ಹೆಲ್ಮೆಟ್ ಸರಿಯಾಗಿ ಕೂರುತ್ತದೆ. ಕನ್ನಡಕದವರು ಕನ್ನಡಕದೊಂದಿಗೆ ಪರೀಕ್ಷಿಸಿರಿ.

ನಮ್ಮ ಬಿಸಿಲಿಗೆ

ನಮ್ಮಲ್ಲಿ ಬೇಸಿಗೆ 40 ಡಿಗ್ರಿ ದಾಟುತ್ತದೆ. ತಿಳಿ ಬಣ್ಣದ, ಗಾಳಿಕಿಂಡಿಗಳಿರುವ, ಒಳಗಿನ ಬಟ್ಟೆ ಬಿಚ್ಚಿ ತೊಳೆಯಲು ಬರುವ ಹೆಲ್ಮೆಟ್ ಆರಿಸಿರಿ. ಗದ್ದ ಮುಚ್ಚುವ ಮಾದರಿ ಮುಖಕ್ಕೂ ರಕ್ಷಣೆ. ಮುಂದಿನ ಗಾಜು ಬಿಳಿಯದಾಗಿರಲಿ. ಕಪ್ಪು ಗಾಜು ಮಧ್ಯಾಹ್ನಕ್ಕೆ ಚೆನ್ನ, ಆದರೆ ಹಾಲಿನ ವೇಳೆ ಮಬ್ಬುಗತ್ತಲಿನದು. ಗೀರು ಬಿದ್ದ ಗಾಜಿನಲ್ಲಿ ಎದುರಿನ ಲಾರಿಯ ಬೆಳಕು ಕಣ್ಣು ಕೋರೈಸುತ್ತದೆ. ಗಾಜನ್ನಷ್ಟೇ ಬದಲಿಸಲು ಬರುತ್ತದೆ.

ಗುರುತು ನೋಡಿರಿ

2021ರ ಜೂನ್ 1ರಿಂದ ಐ.ಎಸ್.ಐ. ಗುರುತಿಲ್ಲದ ಹೆಲ್ಮೆಟ್ ತಯಾರಿಸುವುದೂ ಮಾರುವುದೂ ಕಾನೂನುಬಾಹಿರ. ಗುರುತಿನ ಮೇಲೆ ಐ.ಎಸ್. 4151 ಎಂದೂ, ಕೆಳಗೆ ಸಿ.ಎಂ./ಎಲ್. ಸಂಖ್ಯೆಯೂ ಇರಬೇಕು. ಆ ಸಂಖ್ಯೆಯನ್ನು ‘ಬಿ.ಐ.ಎಸ್. ಕೇರ್’ ಎಂಬ ಮೊಬೈಲ್ ಆ್ಯಪ್‌ನಲ್ಲಿ ಹಾಕಿದರೆ ಲೈಸೆನ್ಸ್ ನಿಜವೋ ಸುಳ್ಳೋ ತಿಳಿಯುತ್ತದೆ. ನಿಮ್ಮ ಮನೆಯ ಹುಡುಗರೇ ನೋಡಿ ಹೇಳುತ್ತಾರೆ. ರಸ್ತೆ ಬದಿಯ ಬರೀ ಪ್ಲಾಸ್ಟಿಕ್ ಟೋಪಿ ಪೊಲೀಸರ ಕಣ್ಣಿಗೆ ಹೆಲ್ಮೆಟ್ಟಾಗಿ ಕಂಡೀತು, ನೆಲಕ್ಕೆ ಕಾಣುವುದಿಲ್ಲ.

ಹೆಲ್ಮೆಟ್ಟಿನ ನಿಜವಾದ ಕೆಲಸ ಒಳಗಿನ ಥರ್ಮೋಕೋಲಿನದು. ಪೆಟ್ಟು ಬಿದ್ದಾಗ ಅದು ತಾನು ನುಗ್ಗಾಗಿ ಮೆದುಳನ್ನು ಉಳಿಸುತ್ತದೆ. ಆದ್ದರಿಂದ ಬಿಗಿಯಾಯಿತೆಂದು ಚಾಕುವಿನಿಂದ ಅದನ್ನು ಕೆತ್ತಬಾರದು. ಕನ್ನಡಿಗೆ ಸಿಕ್ಕಿಸಿದರೆ ತಗ್ಗು ಬೀಳುತ್ತದೆ. ಪೆಟ್ರೋಲಿನಿಂದ ಒರೆಸಿದರೆ ಹಾಳಾಗುತ್ತದೆ. ಸಾಬೂನು ನೀರು ಸಾಕು. ಒಮ್ಮೆ ಬಲವಾದ ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಮತ್ತೆ ಬಳಸಬೇಡಿರಿ. ಹಾಕಿಕೊಂಡಾಗಲೆಲ್ಲ ಬಕಲ್ ಬಿಗಿಯಿರಿ. ಪಟ್ಟಿ ಮತ್ತು ಗದ್ದದ ನಡುವೆ ಎರಡು ಬೆರಳಷ್ಟು ಜಾಗವಿದ್ದರೆ ಸಾಕು.

ಹಿಂದೆ ಕುಳಿತವರ ತಲೆಯೂ ತಲೆಯೇ. ಸವಾರರಿಗೂ ಹಿಂಬದಿ ಕುಳಿತವರಿಗೂ, 2019ರ ತಿದ್ದುಪಡಿಯಂತೆ ನಾಲ್ಕು ವರ್ಷ ಮೀರಿದ ಮಕ್ಕಳಿಗೂ ಹೆಲ್ಮೆಟ್ ಕಡ್ಡಾಯ. ಮಕ್ಕಳಿಗೆ ದೊಡ್ಡವರದನ್ನು ತೊಡಿಸಿದರೆ ಪ್ರಯೋಜನವಿಲ್ಲ. ಅವರ ಅಳತೆಯದೇ ಬೇಕು.

ನಮ್ಮ ಸಂಘವೊಂದರ ತರುಣನೊಬ್ಬ ತೊಗರಿ ಹೊಟ್ಟಿನ ಮೇಲೆ ಜಾರಿ ಬಿದ್ದ. ಹೆಲ್ಮೆಟ್ ಹ್ಯಾಂಡಲ್ಲಿನಲ್ಲಿತ್ತು. ಜೀವ ಉಳಿಯಿತು, ಆದರೆ ಇಂದು ಅವನಿಗೆ ಹಾಲಿನ ಲೆಕ್ಕ ಬರೆಯಲಾಗುವುದಿಲ್ಲ. ಅವನ ಎರಡು ಎಮ್ಮೆಗಳನ್ನು ಆಸ್ಪತ್ರೆ ಖರ್ಚಿಗೆ ಮಾರಿದರು. ಎಮ್ಮೆಗೆ ವಿಮೆ ಮಾಡಿಸಿ ಕಿವಿಗೆ ಓಲೆ ಹಾಕಿಸುವ ನಾವು, ಎಮ್ಮೆ ಸಾಕುವವನ ತಲೆಯನ್ನು ಬರಿದೇ ಬಿಡುವುದು ಯಾವ ಲೆಕ್ಕ?

ಕಾರ್ಯದರ್ಶಿಗಳಲ್ಲಿ ನನ್ನದೊಂದು ವಿನಂತಿ. ಸಂಘದಲ್ಲಿ ಒಂದು ಟೇಪು ಇಡಿರಿ. ಹಾಲು ಹಾಕಲು ಬಂದವರ ತಲೆಯ ಅಳತೆ ತೆಗೆದು ಚೀಟಿಯಲ್ಲಿ ಬರೆದು ಕೊಡಿರಿ. ಸಂತೆಗೆ ಹೋದಾಗ ಆ ಚೀಟಿ ಜೇಬಿನಲ್ಲಿರಲಿ. ಹಾಲು ಹತ್ತು ನಿಮಿಷ ತಡವಾದರೆ ನಷ್ಟ ದೊಡ್ಡದಲ್ಲ. ಹಾಲು ತರುವವರು ಮನೆಗೆ ಮರಳದಿದ್ದರೆ ಆ ನಷ್ಟವನ್ನು ಯಾವ ಬೋನಸ್ಸೂ ತುಂಬಿಕೊಡದು.