ಥಂಡಿಯ ದಿನ ಕೆಲಸಕ್ಕೆ ಹೋಗದಿದ್ದರೆ?

(ಹುಬ್ಬಳ್ಳಿಯಲ್ಲಿ ಗಿರಣಿ ಕಾರ್ಮಿಕರ ಹಾಗೂ ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಮೊನ್ನೆ ಒಬ್ಬ ಗೆಳೆಯರು ನನ್ನನ್ನು ಕೇಳಿದರು: "ಮಾಸ್ತರ್ರ, ಇಂಥಾ ಥಂಡ್ಯಾಗ ಬೆಳಗಿನ ಪಾಳಿಗೆ ಹೋಗದ ಮನ್ಯಾಗ ಉಳದ್ರ ತಪ್ಪೇನ್ರಿ?" ಪಕ್ಕದಲ್ಲಿದ್ದ ಅಂಗಡಿಕಾರರು ನಕ್ಕು, "ನಮ್ಮ ಹನಮಂತಪ್ಪ ಸಿಯಾಚಿನದಾಗ ನಿಂತಿದ್ದ. ನಿನಗ ಹುಬ್ಬಳ್ಳಿ ಥಂಡಿ ದೊಡ್ಡದಾತೇನು?" ಎಂದರು. ಇಬ್ಬರಿಗೂ ಉತ್ತರ ಹೇಳಬೇಕಾಗಿದೆ.

ಮೊದಲು ಅಂಗಡಿಕಾರರ ಮಾತು. ಕುಂದಗೋಳ ತಾಲೂಕಿನ ಬೆಟದೂರಿನ ಹನುಮಂತಪ್ಪ ಕೊಪ್ಪದ ಅವರು 2016ರ ಫೆಬ್ರುವರಿ 3ರಂದು ಸಿಯಾಚಿನದಲ್ಲಿ ಹಿಮದಡಿ ಹೂತುಹೋದರು. 6 ದಿನಗಳ ಮೇಲೆ ಅವರನ್ನು ಜೀವಂತ ಹೊರತೆಗೆದರು. ಫೆಬ್ರುವರಿ 11ರಂದು ದಿಲ್ಲಿಯಲ್ಲಿ ತೀರಿಕೊಂಡರು. ಅವರ ಹೆಸರನ್ನು ನಾವು ತಲೆಬಾಗಿ ನೆನೆಯೋಣ. ಆದರೆ ಆ ಹೆಸರಿನಿಂದ ಬಡ ಹಮಾಲನ ಬಾಯಿ ಮುಚ್ಚಿಸುವುದು ಬೇಡ. ಸೈನಿಕನನ್ನು ಹಿಮಕ್ಕೆ ಕಳಿಸುವ ಸರಕಾರ ಅವನ ಬೂಟು, ಕೋಟು, ಊಟ, ಔಷಧ ತನ್ನ ಹೊಣೆಯೆಂದು ಒಪ್ಪಿಕೊಂಡಿದೆ. ನಸುಕಿನಲ್ಲಿ ಅಮರಗೋಳದ ಎಪಿಎಂಸಿಯಲ್ಲಿ ಚೀಲ ಇಳಿಸುವವನ, ಬೀದಿ ಗುಡಿಸುವ ತಾಯಿಯ ಸ್ವೆಟರು ಯಾರ ಹೊಣೆ? ಹನುಮಂತಪ್ಪನವರ ಹೆಸರು ಹೇಳುವವರು ಈ ಪ್ರಶ್ನೆಗೂ ಉತ್ತರ ಹೇಳಬೇಕು.

ಇನ್ನು ಗೆಳೆಯರ ಮಾತು. ಬಯಲುನಾಡಿನಲ್ಲಿ ಕನಿಷ್ಠ ಉಷ್ಣತೆ 10 ಡಿಗ್ರಿ ಅಥವಾ ಅದಕ್ಕೂ ಕೆಳಗಿಳಿದು, ವಾಡಿಕೆಗಿಂತ ನಾಲ್ಕೂವರೆ ಡಿಗ್ರಿಯಷ್ಟು ಕಡಿಮೆಯಾದರೆ ಹವಾಮಾನ ಇಲಾಖೆ ಅದನ್ನು ಶೀತದಲೆ ಎನ್ನುತ್ತದೆ. ನಮ್ಮ ಊರಿಗೆ ಅಂಥ ದಿನ ಅಪರೂಪ. ಆದರೆ ಮನುಷ್ಯನ ಮೈಗೆ ತಟ್ಟುವುದು ಡಿಗ್ರಿ ಒಂದೇ ಅಲ್ಲ. ತೆಳು ಅಂಗಿ, ಹಸಿದ ಹೊಟ್ಟೆ, ಒದ್ದೆ ಬಟ್ಟೆ, ಬೀಸುವ ಗಾಳಿ ಎಲ್ಲವೂ ಸೇರುತ್ತವೆ. ನೂಲು ಹರಿಯಬಾರದೆಂದು ನೂಲುವ ಖಾತೆಯ ಗಾಳಿಯಲ್ಲಿ ತೇವ ಇಡುತ್ತಾರೆ. ಆ ಸೆಕೆಯಲ್ಲಿ ಬೆವತವನು ರಾತ್ರಿ ಪಾಳಿ ಮುಗಿಸಿ ಸೈಕಲ್ ಹತ್ತಿದಾಗ ಅವನ ಎದೆಗೆ ಬಡಿಯುವ ಥಂಡಿ ಬೇರೆಯೇ.

ನಾನು ಸಾಲೆಯಲ್ಲಿ ಕಲಿಸುತ್ತಿದ್ದಾಗ ಒಂದು ಡಿಸೆಂಬರಿನಲ್ಲಿ ತಡವಾಗಿ ಬರುತ್ತಿದ್ದ ಹುಡುಗನನ್ನು ದಿನಾಲೂ ಬಾಗಿಲ ಹೊರಗೆ ನಿಲ್ಲಿಸುತ್ತಿದ್ದೆ. ನಾಲ್ಕನೆಯ ದಿನ ತಿಳಿಯಿತು: ಮನೆಯಲ್ಲಿ ಇದ್ದದ್ದು ಒಂದೇ ಕಂಬಳಿ. ಅದನ್ನು ಹೊದ್ದು ತಾಯಿ ನಸುಕಿನಲ್ಲಿ ಕಾಯಿಪಲ್ಲೆ ಮಾರಲು ಹೋಗುವಳು. ಹುಡುಗ ಬಿಸಿಲು ಬೀಳುವವರೆಗೆ ಒಲೆಯ ಮುಂದೆ ಕೂಡುವನು. ತಪ್ಪು ಅವನದಲ್ಲ, ಕೇಳದೆ ಶಿಕ್ಷೆ ಕೊಟ್ಟ ನನ್ನದು. ಅಂದಿನಿಂದ ಗೈರುಹಾಜರಿಯನ್ನು ಸೋಮಾರಿತನ ಎನ್ನುವ ಮೊದಲು ಕಾರಣ ಕೇಳುತ್ತೇನೆ.

ಹಾಗಾದರೆ ಸುಮ್ಮನೆ ಮನೆಯಲ್ಲಿ ಉಳಿಯಬಹುದೇ? ಬೇಡ ಎಂದೇ ನನ್ನ ಸಲಹೆ. ಒಬ್ಬನೇ ಉಳಿದರೆ ಆ ದಿನದ ಪಗಾರ ಹೋಗುತ್ತದೆ. ಹತ್ತು ಮಂದಿ ಅಥವಾ ಹೆಚ್ಚು ಜನ ಕೂಡಿ, ನೋಟೀಸು ಕೊಡದೆ, ಯೋಗ್ಯ ಕಾರಣವಿಲ್ಲದೆ ಗೈರಾದರೆ ಕರಾರಿನ ಷರತ್ತಿನಂತೆ 8 ದಿನದ ಪಗಾರದವರೆಗೂ ಮುರಿದುಕೊಳ್ಳಬಹುದು. 1936ರ ವೇತನ ಪಾವತಿ ಕಾಯಿದೆಯಲ್ಲಿದ್ದ ಈ ಮಾತು, 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯಲ್ಲೂ ಉಳಿದಿದೆ. 'ಯೋಗ್ಯ ಕಾರಣ' ಯಾವುದೆಂಬ ಜಗಳ ಪಗಾರ ಹೋದ ಮೇಲೆ ಹೂಡುವುದಲ್ಲ. ಅದನ್ನು ಮೊದಲೇ ಬರಹದಲ್ಲಿ ಹೂಡಬೇಕು. ಅದೇ ದಿನ ಜಾರಿಗೆ ಬಂದ ಸುರಕ್ಷತಾ ಸಂಹಿತೆಯಲ್ಲಿ, ಜೀವಕ್ಕೋ ಆರೋಗ್ಯಕ್ಕೋ ತಕ್ಷಣದ ಅಪಾಯ ಕಂಡರೆ ಮಾಲಕರಿಗೂ ಸರಕಾರಿ ನಿರೀಕ್ಷಕರಿಗೂ ತಿಳಿಸುವ ಹಕ್ಕು ಕಾರ್ಮಿಕನಿಗಿದೆ. ಜ್ವರ ಬಂದವರು ಇಎಸ್‌ಐ ಡಾಕ್ಟರರ ಸರ್ಟಿಫಿಕೇಟು ತರಲಿ. ಅರ್ಹರಿಗೆ ಪಗಾರದ ಶೇ. 70ರಷ್ಟು ಸಿಗುತ್ತದೆ. ಅದನ್ನು ಬಿಟ್ಟು ಕಷಾಯ ಕುಡಿದು ಮಲಗಿದರೆ ಹಕ್ಕು ಕಳೆದುಕೊಂಡಂತೆ.

ಹವಾಮಾನಕ್ಕಾಗಿ ವೇಳೆ ಬದಲಿಸುವುದು ಹೊಸ ಮಾತೇನಲ್ಲ. ಕಲಬುರಗಿ ವಿಭಾಗದಲ್ಲಿ, ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳಲ್ಲಿ 2025ರ ಏಪ್ರಿಲ್-ಮೇ ತಿಂಗಳು ಸರಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ 1.30ರವರೆಗೆ ನಡೆದವು. ಅದರಿಂದ ಯಾರ ಪಗಾರವೂ ಕಡಿಮೆಯಾಗಲಿಲ್ಲ. ಬಿಸಿಲಿಗೆ ಗುಮಾಸ್ತರ ಮೈ ಬಾಡುವುದಾದರೆ ಥಂಡಿಗೆ ಕೂಲಿಯವರ ಮೈ ನಡುಗುವುದಿಲ್ಲವೇ?

ಆದುದರಿಂದ ನಾವು ಕೇಳುವುದು ನಾಲ್ಕು ಮಾತು. ತೀವ್ರ ಥಂಡಿಯ ದಿನಗಳಲ್ಲಿ ಬೆಳಗಿನ ಪಾಳಿ ಒಂದು ತಾಸು ತಡವಾಗಿ ಸುರುವಾಗಲಿ, ಪಗಾರ ಕಡಿತವಾಗದಿರಲಿ. ಹೊರಗೆ ದುಡಿಯುವವರಿಗೆ ಬೆಚ್ಚನೆಯ ಬಟ್ಟೆ ಕೊಡಲಿ. ಗೇಟಿನಲ್ಲಿ ಬಿಸಿ ಚಹಾ ಇರಲಿ. ಬಸುರಿಯರಿಗೂ ದಮ್ಮಿನವರಿಗೂ ಪಾಳಿ ಬದಲಿಸಿಕೊಡಲಿ.

ವ್ಯಾಪಾರಿ ಮಿತ್ರರೇ, ಅಂಗಡಿ ಮುಚ್ಚಿದರೂ ಬಾಡಿಗೆ ನಿಲ್ಲುವುದಿಲ್ಲ ಎಂಬ ನಿಮ್ಮ ಕಷ್ಟ ನನಗೆ ಗೊತ್ತು. ಆದರೆ ನಸುಕಿನಲ್ಲಿ ಗಿರಾಕಿಯೇ ಇಲ್ಲದ ಅಂಗಡಿ ಗುಡಿಸಲು ಆಳುಮಗನನ್ನು ಕರೆಸಿ ಯಾರಿಗೇನು ಲಾಭ? ಗಿರಣಿಯವನ ಪಗಾರ ಮುರಿದ ವಾರ ನಿಮ್ಮ ಉದ್ರಿ ವಹಿಯೇ ಬೆಳೆಯುತ್ತದೆ. ಅವನ ಹಕ್ಕು ಉಳಿದರೆ ನಿಮ್ಮ ವ್ಯಾಪಾರವೂ ಉಳಿಯುತ್ತದೆ.

ಬಂಧುಗಳೇ, ಥಂಡಿಗೆ ಹೆದರಿ ಒಬ್ಬೊಬ್ಬರೇ ಮನೆಯಲ್ಲಿ ಕೂಡುವುದು ಬೇಡ. ಎಲ್ಲರೂ ಕೂಡಿ ಅರ್ಜಿಗೆ ಸಹಿ ಹಾಕೋಣ, ಗೇಟಿಗೆ ಹೋಗಿ ಕೊಡೋಣ. ಕಾಗದ ನನ್ನ ಕೈಯಲ್ಲಿದೆ. ಸಭೆ ಮುಗಿದೊಡನೆ ಮುಂದೆ ಬನ್ನಿ.