ಕರಾರು ಮುರಿದರೆ ಕೇಳುವ ದಾರಿ



ಸೋಲಾಪುರದಿಂದ ಅಕ್ಕಲಕೋಟೆಗೆ ಹೋಗುವ ದಾರಿಯಲ್ಲಿ ಕುಂಭಾರಿ ಎಂಬ ಊರಿದೆ. ಅಲ್ಲಿ ಬೀಡಿ ಕಟ್ಟುವ ಹೆಣ್ಣುಮಕ್ಕಳಿಗಾಗಿ ಕಟ್ಟಿದ ಸುಮಾರು 10,000 ಮನೆಗಳನ್ನು 2006ರಲ್ಲಿ ಹಂಚಲಾಯಿತು. ಅಲ್ಲಿಯೇ ರಾಯನಗರದಲ್ಲಿ 2024ರ ಜನವರಿ 19ರಂದು ಮತ್ತೆ 15,000 ಮನೆಗಳು ಕಾರ್ಮಿಕರಿಗೆ ದೊರೆತವು. ಅಂಥ ದೊಡ್ಡ ಕೆಲಸಕ್ಕೆ ನಕ್ಷೆ, ಅಳತೆ, ದರ, ಅವಧಿ ಎಲ್ಲವೂ ಕಾಗದದ ಮೇಲಿರುತ್ತವೆ. ನಾವು ಕಟ್ಟಿಸುವ ಎರಡು ಕೋಣೆಯ ಮನೆಗೆ? ಬಹಳ ಸಲ ಗೌಂಡಿಯ ಬಾಯಿಮಾತು, ನಮ್ಮ ಮುಂಗಡ ಹಣ, ಇಷ್ಟೇ.

ಬಾಯಿಮಾತಿನ ಕರಾರೂ ಕರಾರೇ. 1872ರ ಕರಾರು ಕಾಯಿದೆ ಅದನ್ನು ಒಪ್ಪುತ್ತದೆ. ಆದರೆ ತಕರಾರು ಬಂದಾಗ ಸಾಬೀತು ಮಾಡುವುದು ಕಷ್ಟ. ಅಕ್ಕಲಕೋಟೆ ಕಡೆ ಇನ್ನೊಂದು ತೊಡಕು ಉಂಟು: ಮನೆಯ ಮಾತು ಕನ್ನಡ, ಕಾಗದದ ಮಾತು ಮರಾಠಿ. ಓದಿಸಿ ಕೇಳದೆ ಹೆಬ್ಬೆಟ್ಟು ಒತ್ತಬಾರದು.

ಗೌಂಡಿ ಅರ್ಧಕ್ಕೆ ಬಿಟ್ಟು ಹೋದರೆ ಎಷ್ಟು ಕೇಳಬಹುದು? ಲೆಕ್ಕ ಹೀಗೆ. 4,00,000 ರೂಪಾಯಿಗೆ ಮಾತಾಗಿದೆ, 2,50,000 ಕೊಟ್ಟಿದ್ದೇವೆ, 1,50,000 ಬಾಕಿ. ಉಳಿದ ಕೆಲಸ ಮುಗಿಸಲು ಬೇರೆ ಗೌಂಡಿ ನ್ಯಾಯವಾದ ದರದಲ್ಲಿ 2,10,000 ಕೇಳುತ್ತಾನೆ. ಹೆಚ್ಚಾದ 60,000 ನಮ್ಮ ನಷ್ಟ. 73ನೆಯ ಕಲಮಿನ ಪ್ರಕಾರ ಅದನ್ನು ಕೇಳಬಹುದು. ಕೊಟ್ಟ ಹಣವನ್ನೆಲ್ಲ ಹಿಂದಕ್ಕೆ ಕೊಡು ಎಂದರೆ ನಡೆಯದು. ಕಟ್ಟಿದ ಗೋಡೆ ನಮ್ಮಲ್ಲಿಯೇ ಇದೆಯಲ್ಲ! ನಷ್ಟ ಬೆಳೆಯದಂತೆ ನೋಡಿಕೊಳ್ಳುವುದೂ ನಮ್ಮ ಕೆಲಸ. ಎರಡು ಮಳೆಗಾಲ ಗೋಡೆ ನೆನೆಯಲು ಬಿಟ್ಟು ಆ ಹಾನಿಯನ್ನೂ ಅವನ ತಲೆಗೆ ಕಟ್ಟಲಾಗದು. ‘ತಡವಾದರೆ ಇಷ್ಟು ದಂಡ’ ಎಂದು ಬರೆದಿದ್ದರೂ ನ್ಯಾಯಾಲಯ ಆ ಮೊತ್ತದ ಒಳಗೆ ಯೋಗ್ಯ ಕಂಡಷ್ಟನ್ನೇ ಕೊಡಿಸುತ್ತದೆ.

ನಮ್ಮವರಲ್ಲಿ ಕಟ್ಟಿಸುವವರಿಗಿಂತ ಕಟ್ಟುವವರೇ ಹೆಚ್ಚು. ಅವರ ಮಾತೂ ಹೇಳಬೇಕು. ದುಡಿಸಿಕೊಂಡು ಕೆಲಸದ ಫಲ ಪಡೆದವನು, ಬರೆದ ಕರಾರಿಲ್ಲ ಎಂದು ಜಾರಿಕೊಳ್ಳುವಂತಿಲ್ಲ. ದೊಡ್ಡ ಕಾಮಗಾರಿಗಳಲ್ಲಿ ಗುತ್ತಿಗೆದಾರ ಕೂಲಿ ಕೊಡದಿದ್ದರೆ ಮೂಲ ಮಾಲಿಕನೇ ಕೊಡಬೇಕೆಂದು 1970ರ ಗುತ್ತಿಗೆ ಕಾರ್ಮಿಕ ಕಾಯಿದೆ ಹೇಳಿತ್ತು. 2025ರ ನವೆಂಬರ್ 21ರಿಂದ ಜಾರಿಯಾದ ಕಾರ್ಮಿಕ ಸಂಹಿತೆಯಲ್ಲಿಯೂ ಆ ಹೊಣೆ ಉಳಿದಿದೆ. ದಿಲ್ಲಿಯ ಏಷ್ಯಾಡ್ ಕಟ್ಟಡಗಳ ಕೆಲಸದಲ್ಲಿ ದಿನಕ್ಕೆ 9.25 ರೂಪಾಯಿ ಕನಿಷ್ಠ ಕೂಲಿಯಿತ್ತು. ಅದರಲ್ಲಿ ಜಮಾದಾರರು ಒಂದು ರೂಪಾಯಿ ಮುರಿದುಕೊಳ್ಳುತ್ತಿದ್ದರು. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದು ಬಲವಂತದ ದುಡಿಮೆಯೇ ಎಂದು ಸುಪ್ರೀಂ ಕೋರ್ಟು 1982ರಲ್ಲಿ ತೀರ್ಪು ಕೊಟ್ಟಿತು.

ತೋಟದ ಕುಟುಂಬಗಳು ಒಂದು ಹಳೆಯ ಸಂಗತಿಯನ್ನು ತಿಳಿದಿರಬೇಕು. 1859ರ ಕಾಯಿದೆಯೊಂದರ ಪ್ರಕಾರ, ಮುಂಗಡ ಪಡೆದು ಕೆಲಸ ಬಿಟ್ಟ ಕೂಲಿಯವನು ಮ್ಯಾಜಿಸ್ಟ್ರೇಟರ ಆಜ್ಞೆಯ ಮೇಲೂ ಹಣ ತೀರಿಸದಿದ್ದರೆ ಅಥವಾ ಕೆಲಸಕ್ಕೆ ಮರಳದಿದ್ದರೆ ಮೂರು ತಿಂಗಳವರೆಗೆ ಸೆರೆಮನೆ ಕಾಣಬೇಕಿತ್ತು. ತೋಟದ ಆಳುಗಳ ಮೇಲೂ ಅದನ್ನು ಪ್ರಯೋಗಿಸಿದರು. 1925ರ ಶಾಸನ ಅದನ್ನು ರದ್ದು ಮಾಡಿತು. ಇಂದು ಕರಾರು ಮುರಿದದ್ದಕ್ಕೆ ಪರಿಹಾರ ಉಂಟು, ಸೆರೆಯಿಲ್ಲ. ಮೊದಲಿನಿಂದಲೇ ಮೋಸದ ಉದ್ದೇಶವಿದ್ದರೆ ಮಾತ್ರ ಅದು ಪೊಲೀಸರ ವಿಷಯ. ಆದ್ದರಿಂದ ‘ಜೈಲಿಗೆ ಹಾಕಿಸುತ್ತೇನೆ’ ಎಂಬ ಬೆದರಿಕೆಗೆ ಬಡ ಗೌಂಡಿಯೂ ಹೆದರಬೇಕಿಲ್ಲ, ನಾವೂ ಹೆದರಿಸಬಾರದು.

ಮೊದಲು ಕೂತು ಮಾತಾಡಿ. ಆಗದಿದ್ದರೆ ಆದ ಕೆಲಸವನ್ನು ಇಬ್ಬರು ತಿಳಿದವರ ಮುಂದೆ ಅಳೆಯಿಸಿ, ಫೋಟೋ ತೆಗೆಸಿ, ಸ್ಪೀಡ್ ಪೋಸ್ಟಿನಲ್ಲಿ ನೋಟೀಸು ಕಳಿಸಿ. ಸಿವಿಲ್ ದಾವೆಗೆ ಮೂರು ವರ್ಷ, ಗ್ರಾಹಕ ಆಯೋಗದ ದೂರಿಗೆ ಎರಡು ವರ್ಷ ಅವಧಿ. ಸ್ತ್ರೀಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಕೈಗಾರಿಕಾ ಕಾರ್ಮಿಕರಿಗೆ 1987ರ ಕಾಯಿದೆಯಂತೆ ಉಚಿತ ವಕೀಲರ ನೆರವು ಉಂಟು.

ಹಣ ಕೊಟ್ಟ ದಿನವೇ ಚೀಟಿ ಬರೆಸಿಕೊಳ್ಳಿರಿ. ಕೂಲಿ ಪಡೆದ ದಿನವೇ ಪುಸ್ತಕದಲ್ಲಿ ಗುರುತು ಹಾಕಿರಿ. ಇದು ಅಪನಂಬಿಕೆಯಲ್ಲ. ನಾಳೆ ಇಬ್ಬರ ನೆನಪು ಬೇರೆಯಾದಾಗ ಸ್ನೇಹ ಉಳಿಸುವುದು ಆ ಚೀಟಿಯೇ.